ಹುಷಾರಿಲ್ಲದ ಹುಷಾರಿ ಹುಡುಗಿ

"ಮಗು ಹುಷಾರಿಲ್ವಾ?"

ಎರಡು ವರ್ಷದ ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದ ಮೊದಲ ಮಾತು ಇದು. ನನಗೆ ಮೈಯೆಲ್ಲ ಉರಿದುಹೋಯಿತು. "ಏನಂದ್ರಿ? ನನ್ನ ಮಗಳು ಭಾಳ ಹುಷಾರ್ ಅದಾಳ್ರಿ! ಹತ್ತರ ತನಕ ಮಗ್ಗಿ ಹೇಳ್ತಾಳ, ಕೇಳ್ರಿ ಬೇಕಾದ್ರ!" ಎಂದು ಜಗಳಕ್ಕೇ ನಿಂತೆ. ನಮ್ಮ ಯಾದಗಿರಿ ಕಡೆ ಹುಷಾರೆಂದರೆ ಜಾಣೆ. ಮೈ ನೆಟ್ಟಗಿಲ್ಲದಿದ್ದರೆ 'ಆರಾಮಿಲ್ಲ' ಎನ್ನುತ್ತೇವೆ. ಇಲ್ಲಿ ಹುಷಾರಿಲ್ಲ ಎಂದರೆ ಕಾಯಿಲೆಯಂತೆ! ಪುಣ್ಯಾತ್ಗಿತ್ತಿ ನಕ್ಕು, ಮಗ್ಗಿಯನ್ನೂ ಕೇಳಿಸಿಕೊಂಡರು.

ನನ್ನ ರೇಣುಕಾ ಹುಟ್ಟುವಾಗಲೇ ಬೆನ್ನುಹುರಿ ಪೂರ್ತಿ ಮುಚ್ಚಿರಲಿಲ್ಲ. ಸ್ಪೈನಾ ಬಿಫಿಡಾ ಎನ್ನುತ್ತಾರೆ. ಹಸುಗೂಸಿದ್ದಾಗಲೇ ಬೆನ್ನಿನ ಆಪರೇಷನ್, ಆಮೇಲೆ ತಲೆಯ ನೀರಿಳಿಸಲು ಒಳಗೊಂದು ನಳಿಕೆ. "ಇಷ್ಟಕ್ಕೇ ಮುಗಿಯಲ್ಲಮ್ಮ, ವರ್ಷಾನುಗಟ್ಟಲೆ ನೋಡ್ತಾ ಇರ್ಬೇಕು" ಎಂದರು ಇಲ್ಲಿಯ ಡಾಕ್ಟರು. ಹಾಗಾಗಿ ಕಾಡುಗೋಡಿಯಲ್ಲಿ ಒಂದು ಕೋಣೆ ಹಿಡಿದೆವು, ಮನೆಯವರು ಗಾರೆ ಕೆಲಸಕ್ಕೆ ಸೇರಿದರು. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ಮೆಕ್ಕೆಜೋಳದ್ದು ಕೊಟ್ಟರು. ರೊಟ್ಟಿ ತಟ್ಟಿ ನಾನೇ ನಗೆಗೀಡಾದೆ. ಊರಲ್ಲಾದರೆ ಬಂದವರೆಲ್ಲ "ಯಾವ ಜನ್ಮದ ಪಾಪಾನೋ" ಎಂದು ಲೊಚಗುಟ್ಟುತ್ತಿದ್ದರು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಅದು ಸುಖವೂ ಹೌದು, ಸಂಕಟವೂ ಹೌದು.

ನಿಜವಾದ ಯುದ್ಧ ಶಾಲೆಯದು. ಅವಳಿಗೆ ಮೂತ್ರ ತುಂಬಿದ್ದು ತಿಳಿಯುವುದಿಲ್ಲ. ಮೂರು ನಾಲ್ಕು ತಾಸಿಗೊಮ್ಮೆ ಸಣ್ಣ ನಳಿಕೆಯಿಂದ ತೆಗೆಯಬೇಕು, ಇಲ್ಲದಿದ್ದರೆ ಕಿಡ್ನಿಗೇ ಕುತ್ತು. ಅದಕ್ಕಾಗಿ ದಿನವಿಡೀ ಶಾಲೆಯ ಜಗಲಿ ಕಾದೆ. ನಾನೂ ಬೇರೆಯವರ ಮನೆಗೆಲಸ ಹಿಡಿಯುತ್ತೇನೆ, ಇನ್ನು ಕಾಯಲಾಗದು ಎಂದಾಗ ಹೆಡ್‌ಮೇಡಂ, "ನೀವಿರ್ದಿದ್ರೆ ಮಗೂನ ಮಧ್ಯಾಹ್ನಕ್ಕೇ ಕರ್ಕೊಂಡ್ಹೋಗ್ಬಿಡಿ" ಎಂದರು. ಅರ್ಧ ದಿನದ ಓದು ಯಾವ ಓದು?

ಅದೇ ನರ್ಸಮ್ಮ, ನಳಿಕೆ ಹಾಕುವ ಜಾಗ ಕಾಣಲೆಂದು ಅವಳ ಕೈಗೊಂದು ಪುಟ್ಟ ಕನ್ನಡಿ ಕೊಟ್ಟು, "ಎಂಟು ವರ್ಷ ಆಯ್ತಲ್ಲ, ಇನ್ಮೇಲೆ ಅವ್ಳೇ ಮಾಡ್ಕೊಳ್ಲಿ ಬಿಡ್ರಿ" ಎಂದರು. ಎರಡು ತಿಂಗಳು ರೇಣುಕಾ ಅತ್ತಳು, ನಳಿಕೆ ಎಸೆದಳು, ನನ್ನಿಂದ ಬೈಸಿಕೊಂಡಳು. ಕೊನೆಗೊಂದು ದಿನ ಸೋಪಿನಲ್ಲಿ ಕೈ ತೊಳೆದು, ಬಚ್ಚಲ ಬಾಗಿಲು ಹಾಕಿಕೊಂಡು, ತಾನೇ ಮುಗಿಸಿ ಹೊರಬಂದಳು!

ಕಳೆದ ಸೋಮವಾರ ಮೊದಲ ಸಲ ಇಡೀ ದಿನ ಒಬ್ಬಳೇ ಶಾಲೆಯಲ್ಲಿದ್ದಳು. ಮನಸ್ಸು ತಡೆಯದೆ ಸಂಜೆ ಗೇಟಿಗೆ ಓಡಿದೆ. ನಡೆಯಲು ಆಸರೆಗೆ ಕಟ್ಟಿದ ಕಾಲಿನ ಪಟ್ಟಿ ಟಕಟಕ ಎನ್ನಿಸುತ್ತ ಗೆಳತಿಯರ ನಡುವೆ ಬಂದವಳು, "ಯಾಕ್ ಬಂದೆ ಅಮ್ಮಾ? ನಾನೇ ಬರ್ತಿದ್ನಲ್ಲ!" ಎಂದಳು. ಗೆದ್ದಳು ನನ್ನ ಕೂಸು! ಬೀದಿಯಲ್ಲೇ ಕುಣಿಯಬೇಕೆನಿಸಿತು.

ಅಂದು ಬೆಳಿಗ್ಗೆಯವರೆಗೂ ನಾನು ಅವಳಿಗೆ ನಮ್ಮೂರಿನ 'ಯವ್ವಾ' ಆಗಿದ್ದೆ.