‘ತೆಗೆದಿದೆ’ ಅಂದರೆ ಏನು?

ನೀರು ಸರಬರಾಜಿನ ಕಂಟ್ರೋಲ್ ರೂಮಿನಲ್ಲಿ ಅವಳಿಗೆ ‘ಯಾಕಮ್ಮ’ ಎಂದೇ ಹೆಸರು ಬಿದ್ದಿತ್ತು. ಸೇರಿದ್ದು ಟೆಲಿಫೋನ್ ಎತ್ತುವ ಕೆಲಸಕ್ಕೆ. ಎತ್ತಿ, ಕೇಳಿ, ಇಟ್ಟರೆ ಮುಗಿಯಿತು. ಆದರೆ ಸುಮ್ಮನಿರುವ ಜಾಯಮಾನವೇ ಅದು? ಈ ದೀಪ ಕೆಂಪಾದದ್ದು ಯಾಕೆ, ಆ ಮೋಟಾರು ಗೊರಗುಟ್ಟುವುದು ಯಾಕೆ ಎಂದು ಎಲೆಕ್ಟ್ರಿಷಿಯನ್ನರ ಬೆನ್ನು ಬಿದ್ದು ತಲೆ ತಿಂದಳು. ಕೊನೆಗೆ ಅವರೇ ಟೆಸ್ಟರನ್ನು ಕೈಗಿಟ್ಟು, “ನೀವೇ ನೋಡ್ಕೊಳ್ಳಿ ತಾಯಿ” ಅಂದುಬಿಟ್ಟರು. ಕಂಪ್ಯೂಟರ್ ಬಂದಾಗ ಓರಗೆಯವರೆಲ್ಲ ಹೆದರಿ ಬೇರೆ ವಿಭಾಗಕ್ಕೆ ವರ್ಗ ಮಾಡಿಸಿಕೊಂಡರು. ಇವಳು ಮಗಳ ಪಕ್ಕ ಕೂತು ಕಲಿತಳು. ಮಗಳ ಪರೀಕ್ಷೆ ಮುಗಿದರೂ ಇವಳ ಓದು ಮುಗಿಯಲಿಲ್ಲ. ಕೂದಲು ಬೆಳ್ಳಗಾಗುವ ಹೊತ್ತಿಗೆ ಪಂಪು ನಡೆಸುವ ಪ್ರೋಗ್ರಾಮನ್ನು ತಾನೇ ತಿದ್ದುವಷ್ಟು ಪಳಗಿದ್ದಳು.

ಪರದೆಯ ಮೇಲಿದ್ದ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತಂದವಳೂ ಅವಳೇ. ‘ಓಪನ್’ ಇದ್ದಲ್ಲಿ ‘ತೆಗೆದಿದೆ’, ‘ಕ್ಲೋಸ್’ ಇದ್ದಲ್ಲಿ ‘ಮುಚ್ಚಿದೆ’. ಬಾಗಿಲು ತೆಗಿ ಅನ್ನುವುದಿಲ್ಲವೇ, ಹಾಗೆ. ಫಿಟ್ಟರುಗಳೆಲ್ಲ ಮೆಚ್ಚಿಕೊಂಡರು, ಅವಳೂ ಒಳಗೊಳಗೇ ಬೀಗಿದಳು.

ಹೊಸ ಪರದೆ ಚಾಲೂ ಆಗುವ ಬೆಳಗ್ಗೆ ಮ್ಯಾನೇಜರು ಅವಳ ಕುರ್ಚಿಯ ಬೆನ್ನಿಗೇ ನಿಂತಿದ್ದರು. ಆಸ್ಪತ್ರೆಯ ಟ್ಯಾಂಕು ಬರಿದಾಗುತ್ತಿತ್ತು, ಬೇಗ ನೀರು ಬಿಡಬೇಕಿತ್ತು. ಕೆಳಗಿನ ಪೈಪ್‌ಲೈನಿನ ವಾಲ್ವು ಸರಿಯಿದೆಯೇ ನೋಡಿ, ಸರಿಯಿದ್ದರೆ ತೆರೆಯಲು ಅಲ್ಲಿಯ ಫಿಟ್ಟರು ಹೋಗಿದ್ದ. ಅವನು ಅವಳ ಒಡಹುಟ್ಟಿದ ತಮ್ಮ. ಆ ವಾಲ್ವು ಇರುವುದು ಸಿಮೆಂಟಿನ ಆಳವಾದ ಗುಂಡಿಯಲ್ಲಿ. ಹತ್ತಿ ಇಳಿಯಲು ಒಂದೇ ಒಂದು ಕಬ್ಬಿಣದ ಏಣಿ.

“ಅಕ್ಕಾ, ಕೆಳಗಿನ ವಾಲ್ವ್ ತೆಗೆದಾಯ್ತು,” ಎಂದು ತಮ್ಮ ಫೋನಿನಲ್ಲಿ ಹೇಳಿದ. ಫೋನನ್ನು ಕಟ್ ಮಾಡದೆ ಗುಂಡಿಯ ಕಟ್ಟೆಯ ಮೇಲಿಟ್ಟು ಮತ್ತೆ ಒಳಗಿಳಿದ.

ಅವಳು ‘ತೆಗೆದಿದೆ’ ಒತ್ತಿದಳು. ಪರದೆಯ ಸಾಲು ಹಸಿರಾಯಿತು.

“ಇನ್ನೇನು ಕಾಯ್ತಿದ್ದೀರಿ? ಬಿಡಿ ನೀರನ್ನ,” ಅಂದರು ಮ್ಯಾನೇಜರು.

ಬಿಟ್ಟಳು. ಪಂಪು ಸದ್ದು ಮಾಡುತ್ತ ವೇಗ ಹಿಡಿಯಿತು.

ಅಷ್ಟರಲ್ಲಿ ಫೋನಿನಿಂದ ಠಣ್ ಎಂದು ಕೇಳಿಸಿತು. ಮತ್ತೆ ಠಣ್. ತಗಡಿನ ಬಕೆಟ್ಟಿಗೆ ಬೋಲ್ಟು ಬೀಳುವ ಸದ್ದು. ವಾಲ್ವು ತೆರೆಯಲು ಚಕ್ರ ತಿರುಗಿಸಿದರೆ ಸಾಕಲ್ಲ, ಇವನು ಬೋಲ್ಟು ಯಾಕೆ ಬಿಚ್ಚಿದ? ಅವನು ಹೇಳಿದ್ದು ತೆರೆದೆ ಅಂತ ಅಲ್ಲ, ಕೆಟ್ಟುಹೋದದ್ದನ್ನು ಕಳಚಿ ತೆಗೆದೆ ಅಂತ. ಪೈಪಿನ ಬಾಯಿ ಈಗ ಬಟಾಬಯಲು, ಅದರ ಎದುರಿಗೇ ಅವನು.

ಪಂಪು ನಿಲ್ಲಿಸುವ ಕೆಂಪು ಬಟನ್ನನ್ನು ಅಂಗೈಯಿಂದ ಗುದ್ದಿದಳು.

“ಏನ್ರೀ ಮಾಡಿದ್ರಿ?”

“ನನ್ನ ತಮ್ಮ ಗುಂಡಿಯೊಳಗಿದಾನೆ ಸಾರ್.”

ಪಂಪು ನಿಂತಿತು. ಆದರೆ ಹೊರಟುಬಿಟ್ಟ ನೀರನ್ನು ವಾಪಸ್ ಬಾ ಅನ್ನಲಾಗುತ್ತದೆಯೇ? ಗುಂಡಿಯವರೆಗೆ ಪೂರ್ತಿ ಇಳಿಜಾರು. ಅವಳು ಫೋನಿಗೆ ಬಾಯಿ ಹಚ್ಚಿ, “ಹತ್ತೋ! ಎಲ್ಲಾ ಬಿಟ್ಟು ಮೇಲೆ ಹತ್ತೋ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಭೋರೆಂಬ ಸದ್ದು ಬಂತು. ಬಕೆಟ್ಟು ಉರುಳಿತು. ಆಮೇಲೆ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ.

ಮ್ಯಾನೇಜರು ಗುಂಡಿಯ ಕಡೆಗೆ ಜನ ಓಡಿಸಿದರು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳು. ತಂತಿ, ಮೋಟಾರು, ಪ್ರೋಗ್ರಾಮು, ಎಲ್ಲದರ ಹಿಂದೆ ಬಿದ್ದು ಕಲಿತವಳು. ಈ ಒಂದು ಮಾತಿನ ಬಗ್ಗೆ ಮಾತ್ರ ಯಾರನ್ನೂ ಏನೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಆಡಿದ ಮಾತು, ಅದರಲ್ಲಿ ಕಲಿಯುವುದೇನಿದೆ ಅಂದುಕೊಂಡಿದ್ದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಫೋನಿನಲ್ಲಿ ಯಾರೋ ಕೆಮ್ಮಿದರು.

“ಅಕ್ಕಾ... ಎದೆವರೆಗೂ ಬಂದಿತ್ತು. ಏಣಿ ಕೈಗೆ ಸಿಕ್ತು.”

ಅವಳಿಗೆ ಅಳು ಒತ್ತರಿಸಿ ಬಂತು. “ನನ್ನದೇ ತಪ್ಪು ಕಣೋ. ತೆಗೆದೆ ಅಂದ್ರೆ ಓಪನ್ ಮಾಡಿದೆ ಅಂದ್ಕೊಂಡೆ.”

“ಹಾಳಾದ್ದು, ನಾನೂ ಬಿಡಿಸಿ ಹೇಳ್ಲಿಲ್ಲ,” ಅಂದ. ಅವನ ಹಲ್ಲು ಕಟಕಟ ಅನ್ನುವುದು ಇಲ್ಲಿಗೇ ಕೇಳುತ್ತಿತ್ತು.

ಕಣ್ಣೊರೆಸಿಕೊಂಡು ‘ತೆಗೆದಿದೆ’ ಅಳಿಸಿದಳು. ‘ತೆರೆದಿದೆ’ ಎಂದು ಬರೆದಳು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. “ಕಳಚಿದೆ ಅಂತ ಬರೆದ್ರೆ ನಿನಗೇನು ಅರ್ಥ ಆಗುತ್ತೆ?” ಎಂದು ಕೇಳಿದಳು.

“ಬಿಚ್ಚಿ ಪಕ್ಕಕ್ಕಿಟ್ಟಿದೆ ಅಂತ.”

“ಬೇರೇನೂ ಇಲ್ಲ ತಾನೆ?”

“ಇಲ್ಲ.”

ಆಮೇಲೆ ಕುರ್ಚಿ ಬಿಟ್ಟು ಎದ್ದಳು. “ಬೇರೆ ಯಾರನ್ನಾದ್ರೂ ಕೂರಿಸಿ ಸಾರ್. ನನ್ನ ಕೈಲಿ ಆಗಲ್ಲ.” ಮ್ಯಾನೇಜರು ಬೇಡ ಅನ್ನಲಿಲ್ಲ. ಪಕ್ಕದ ಕೋಣೆಯ ಆಪರೇಟರನ್ನು ಕರೆಯಲು ಹೋದರು.

“ಅಕ್ಕಾ,” ಎಂದು ಮೇಜಿನ ಮೇಲಿನ ಫೋನು ಕರೆಯಿತು. “ನೀರು ಖಾಲಿ ಆದ್ಮೇಲೆ ಹೊಸ ವಾಲ್ವ್ ಕೂರಿಸೋಕೆ ನಾನು ಮತ್ತೆ ಇಳೀಬೇಕು. ಅಲ್ಲಿ ನೀನೇ ಇರ್ತೀಯ ತಾನೆ? ಬೇರೆಯವರು ಕೂತ್ರೆ ನಾನು ಇಳಿಯಲ್ಲ.”

ಅವಳು ಕುರ್ಚಿ ಎಳೆದುಕೊಂಡು ಕೂತಳು.

“ಒಂದೊಂದೇ ಬಿಡಿಸಿ ಹೇಳು,” ಅಂದಳು. “ಕೇಳ್ತಾ ಇದೀನಿ.”