ಗಂಡಸ್ತನದ ಸೂಜಿ

ಅನುಗೊಂಡನಹಳ್ಳಿ ಹೋಬಳಿಯಲ್ಲಿ ಹಸುವಿನ ವಿಷಯಕ್ಕೆ ಬಂದರೆ ಚಲಪತಿ ಹೇಳಿದ್ದೇ ಮಾತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗು ಕೇಳಿದರೆ ಸಾಕು, ಇದು ಬೆದೆಗೆ ಬಂದಿದೆ, ಇದಕ್ಕೆ ಬರೀ ಹಸಿವು ಎಂದು ಹೇಳಿಬಿಡುತ್ತಿದ್ದ. ಸೀಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುವ ಮನುಷ್ಯ. ಭೂಮಿ ಕಿತ್ತುಕೊಳ್ಳಲು ಬಂದಾಗ ರೈತ ಸಂಘದ ನಮ್ಮ ಜೊತೆ ಧರಣಿ ಕೂತವನು. ಲಾಠಿ ಏಟಿಗೆ ಮಂಡಿ ಊದಿಕೊಂಡರೂ ಚಪ್ಪರ ಬಿಟ್ಟು ಏಳಲಿಲ್ಲ. ಅಂಥವನು ಹೇಡಿಯಾದದ್ದನ್ನು ಬರೆಯಲು ನನಗೇನೂ ಖುಷಿಯಿಲ್ಲ. ಆದರೆ ಊರಲ್ಲಿ ಇವತ್ತಿಗೂ ಅವನ ಹೆಂಡತಿ ಪ್ರಮೋದಾಳನ್ನೇ ಗೊಡ್ಡು ಅನ್ನುವ ಬಾಯಿಗಳಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ ಕೆಲವು ವರ್ಷಕ್ಕೆ ಚಲಪತಿಗೆ ಸಕ್ಕರೆ ಕಾಯಿಲೆ ಬಂತು. ಇನ್ನೂ ನಲವತ್ತು ತುಂಬಿರಲಿಲ್ಲ. ಮಾತ್ರೆ ಒಂದು ದಿನ ನುಂಗಿದರೆ ನಾಲ್ಕು ದಿನ ಮರೆಯುವ ಸೋಮಾರಿ. ಹೊಟ್ಟೆ ಮುಂದೆ ಬಂತು, ಹಾಸಿಗೆಯಲ್ಲಿ ಕೈಲಾಗದವನಾದ. ಅಂಗ ಏಳದಿರುವುದು ಹಲ್ಲುನೋವಿನ ಹಾಗೆ ಒಂದು ತೊಂದರೆ, ಅದಕ್ಕೂ ಔಷಧಿ ಇದೆ. ನಮ್ಮ ಗಂಡಸರು ಮಾತ್ರ ಅದನ್ನು ಹೆಣ ಮುಚ್ಚಿಟ್ಟ ಹಾಗೆ ಮುಚ್ಚಿಡುತ್ತಾರೆ, ನಾರುವವರೆಗೆ.

ಕೊನೆಗೆ ಹೊಸಕೋಟೆಯ ಯಾವುದೋ ಖಾಸಗಿ ಕ್ಲಿನಿಕ್ಕಿಗೆ ಕದ್ದು ಹೋದ. ರಕ್ತ ಪರೀಕ್ಷೆ ಮಾಡಿ, ಟೆಸ್ಟೋಸ್ಟೆರಾನ್ ಅಂತ ಗಂಡಸಿನ ಹಾರ್ಮೋನು, ಅದು ಕಮ್ಮಿ ಇದೆ ಎಂದರು. ಅದೇನೂ ಸುಳ್ಳಲ್ಲ. ಅದೇ ಹಾರ್ಮೋನಿನ ಸೂಜಿ ಚುಚ್ಚಲು ಶುರು ಮಾಡಿದರು. ನಿನಗೆ ಮಕ್ಕಳು ಬೇಕೇನಪ್ಪಾ ಎಂದು ಮಾತ್ರ ಆ ಡಾಕ್ಟರು ಕೇಳಲಿಲ್ಲ. ಕೇಳಿದರೆ ಗಿರಾಕಿ ಎದ್ದು ಹೋಗುತ್ತಾನಲ್ಲ. ಕೆಲವು ತಿಂಗಳಲ್ಲಿ ಇವನಿಗೆ ಆಸೆ ಮರಳಿತು, ಅಂಗವೂ ತಕ್ಕಮಟ್ಟಿಗೆ ಮಾತು ಕೇಳತೊಡಗಿತು.

ಆಮೇಲೆ ಇವನ ಕೊಬ್ಬು ನೋಡಬೇಕಿತ್ತು. ಡೈರಿ ಮುಂದೆ ಹಾಲಿನ ಕ್ಯಾನು ಇಳಿಸುತ್ತಿದ್ದಾಗ ಸಿದ್ದರಾಜು ಕಿಚಾಯಿಸಿದ:

“ಏನ್ಲಾ, ಮೀಸೆ ಮೇಲಕ್ಕೆ ಹೋಗ್ಬಿಟ್ಟದೆ? ಹೋರಿಗೆ ಹಿಂಡಿ ಜಾಸ್ತಿ ಆಯ್ತಾ?”

“ನಮ್ಮನೇಲಿ ಕೇಳ್ನೋಡು ಹೋಗು,” ಅಂದ ಇವನು. ಎಲ್ಲರೂ ನಕ್ಕರು. ಪ್ರಮೋದಾ ಕ್ಯಾನು ಹಿಡಿದುಕೊಂಡು ಅಲ್ಲೇ ಹಿಂದೆ ನಿಂತಿದ್ದಳು.

ನನಗೊಬ್ಬನಿಗೆ ಸೂಜಿಯ ಗುಟ್ಟು ಹೇಳಿದ. ಅವನ ಲೆಕ್ಕಾಚಾರವೆಲ್ಲ ಕೊಟ್ಟಿಗೆಯದು.

“ನೋಡಣ್ಣ, ಹಸು ಬೆದೆಗೆ ಬರ್ಲಿಲ್ಲ ಅಂದ್ರೆ ಡಾಕ್ಟ್ರು ಸೂಜಿ ಹಾಕ್ತಾರೆ. ಬೆದೆಗೆ ಬಂತಾ, ಗಬ್ಬ ಕಟ್ತದೆ. ಈಗ ನಾನು ಸರಿಹೋಗಿದ್ದೀನಿ. ಇನ್ನೂ ಕಟ್ಲಿಲ್ಲ ಅಂದ್ರೆ ಐಬು ಅವಳ್ದೇ ತಾನೆ?”

ಅವನ ತಾಯಿ ಮುನಿತಾಯಮ್ಮನಿಗೂ ಅದೇ ಬೇಕಾಗಿತ್ತು. ನಾಗದೋಷ ಎಂದಳು. ಘಾಟಿ ದೇವಸ್ಥಾನದಲ್ಲಿ ನಾಗರಕಲ್ಲು ಇಡಿಸುವ ಹರಕೆ ಹೊತ್ತಳು. ಕಲ್ಲು ಕೆತ್ತಿಸಿ, ಪ್ರತಿಷ್ಠೆಯ ದಿನ ಬರುವವರೆಗೆ ನೀರಲ್ಲಿ ಮುಳುಗಿಸಿಟ್ಟರು. ಅಲ್ಲಿಯವರೆಗೆ ಪ್ರಮೋದಾ ಬೆಳಗಾದರೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಅರಳಿಕಟ್ಟೆ ಸುತ್ತಬೇಕು, ಒಂದೇ ಹೊತ್ತು ಉಣ್ಣಬೇಕು. ಈ ನಡುವೆ ಮುದುಕಿ ತನ್ನ ತಮ್ಮನ ಮಗಳನ್ನು ಮಗನಿಗೆ ಎರಡನೆಯದಾಗಿ ತರುವ ಮಾತೂ ಆಡಿಕೊಂಡು ಬಂದಿದ್ದಳು. ಕಲ್ಲು ಫಲ ಕೊಡದಿದ್ದರೆ ಪ್ರಮೋದಾ ತವರಿಗೆ.

ಒಂದು ಮಧ್ಯಾಹ್ನ ಪ್ರಮೋದಾ ನಮ್ಮ ಮನೆಗೆ ಬಂದಳು.

“ಅಣ್ಣಾ, ಸರ್ಕಾರಿ ಆಸ್ಪತ್ರೇಲಿ ನಂದೆಲ್ಲಾ ನೋಡಿದ್ರು. ನಂದೇನೂ ತೊಂದ್ರೆ ಇಲ್ಲ, ನಿಮ್ಮನೆಯವರನ್ನ ಕಳ್ಸಮ್ಮ ಅಂದ್ರು. ಕರೆದ್ರೆ ಇವ್ರು ಕೈ ಎತ್ತೋಕೆ ಬರ್ತಾರೆ. ನಿಮ್ಮಾತು ಕೇಳ್ತಾರೆ, ಒಂದ್ಸಲ ಕರ್ಕೊಂಡ್ಹೋಗಿ.”

ಬೈದು ಎಳೆದುಕೊಂಡು ಹೋದೆ. ಡಾಕ್ಟರು ಅಕ್ಷತ ಎಂಬ ಹೆಣ್ಣುಮಗಳು. ವೀರ್ಯ ಪರೀಕ್ಷೆ ಮಾಡಿಸಿದರು. ಅದರಲ್ಲಿ ಬೀಜವೇ, ಅಂದರೆ ವೀರ್ಯಾಣುವೇ, ಇಲ್ಲ. ಯಾವ ಔಷಧಿ ತಗೊಳ್ತಿದ್ದೀರಿ ಎಂದು ಬಿಡದೆ ಕೇಳಿದ ಮೇಲೆ ಸೂಜಿಯ ಸುದ್ದಿ ಹೊರಬಿತ್ತು.

“ನೋಡಿ, ಹೊರಗಿಂದ ಹಾರ್ಮೋನ್ ಬರ್ತಾ ಇದ್ರೆ ಮೈ ಒಳಗಿನ ಕೆಲಸ ನಿಲ್ಲಿಸಿಬಿಡುತ್ತೆ. ಬೀಜ ತಯಾರಾಗಲ್ಲ,” ಅಂದರು ಆಕೆ. “ಆಸೆ ಬರೋದು ಬೇರೆ, ಬೀಜ ಇರೋದು ಬೇರೆ. ಸೂಜಿ ನಿಲ್ಸಿ. ತಿಂಗಳುಗಟ್ಟಲೆ ಆಗ್ಬಹುದು, ಆದ್ರೆ ಸುಮಾರು ಜನಕ್ಕೆ ಬೀಜ ವಾಪಸ್ ಬರುತ್ತೆ. ಸಕ್ಕರೆ ಹಿಡಿತಕ್ಕೆ ತನ್ನಿ. ಅಂಗ ಏಳೋದಕ್ಕೆ ಬೇರೆ ಮಾತ್ರೆ ಇದೆ, ನಾನೇ ಬರ್ಕೊಡ್ತೀನಿ.”

ಇದಕ್ಕಿಂತ ಸಲೀಸಾದ ದಾರಿ ಯಾರಿಗೆ ಸಿಗುತ್ತದೆ? ಹೊರಗೆ ಬಂದವನೇ ಚಲಪತಿ ನನ್ನ ಕೈ ಹಿಡಿದುಕೊಂಡ.

“ಮನೇಲಿ ಹೇಳ್ಬೇಡಣ್ಣ. ಸೂಜಿ ಬಿಟ್ಟು ಮತ್ತೆ ಹಳೇ ಗತಿ ಬಂದ್ರೆ? ಬೀಜ ಇಲ್ಲ ಅಂತ ಊರಿಗೆ ಗೊತ್ತಾದ್ರೆ ಡೈರಿ ಮುಂದೆ ಹೆಂಗ್ ನಿಂತ್ಕೊಳ್ಲಿ?”

“ಅವಳು ಚಳೀಲಿ ನಡುಗ್ತಾ ಕಟ್ಟೆ ಸುತ್ತಾ ಇದ್ದಾಳಲ್ಲೋ!”

“ಹೆಂಗಸ್ರು ಹರಕೆ ಮಾಡೋದೇ ತಾನೆ ಅಣ್ಣ. ಪುಣ್ಯ ಬತ್ತದೆ.”

ಮೈಯೆಲ್ಲ ಉರಿಯಿತು. ಪ್ರತಿಷ್ಠೆಯ ದಿನದೊಳಗೆ ನೀನೇ ಅವಳಿಗೆ ಹೇಳು, ಇಲ್ಲದಿದ್ದರೆ ನಾನು ಹೇಳ್ತೀನಿ ಎಂದೆ. ಆಯ್ತಣ್ಣ ಆಯ್ತಣ್ಣ ಅಂದ. ಹೇಳಲಿಲ್ಲ, ಅವಳು ಕೇಳಿದರೆ ರಿಪೋರ್ಟು ಬಂದಿಲ್ಲ ಎಂದು ಜಾರಿಕೊಂಡ. ಮತ್ತೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದ.

ಪ್ರತಿಷ್ಠೆಯ ದಿನ ವ್ಯಾನು ಮಾಡಿಕೊಂಡು ಘಾಟಿಗೆ ಹೋದರು. ನಾನೂ ಹತ್ತಿದೆ. ಮರದಡಿ ಸಾಲುಗಟ್ಟಿದ ಕಲ್ಲುಗಳ ನಡುವೆ ಇವರದ್ದಕ್ಕೂ ಜಾಗ ತೋರಿಸಿದ್ದರು. ಪ್ರಮೋದಾ ಕಲ್ಯಾಣಿಯಲ್ಲಿ ಮುಳುಗಿ ಎದ್ದು ತುಟಿ ನೀಲಿಯಾಗಿ ನಿಂತಿದ್ದಳು. ಸಂಕಲ್ಪಕ್ಕೆ ಏನು ಹೇಳಲಿ ಎಂದು ಪೂಜಾರಿ ಕೇಳಿದರು.

“ನಮ್ ಸೊಸೆ ಹೊಟ್ಟೆ ದೋಷ ಕಳೀಲಿ ಅನ್ನಿ ಸ್ವಾಮಿ,” ಅಂದಳು ಮುನಿತಾಯಮ್ಮ.

ನಾನು ಚಲಪತಿಯ ಮುಖ ನೋಡಿದೆ. ಅವನು ಮಡಿಪಂಚೆಯ ಅಂಚು ಸರಿಮಾಡಿಕೊಂಡ.

“ದೋಷ ಅವಳ್ದಲ್ಲ ಮುನಿತಾಯಮ್ಮ. ನಿನ್ ಮಗ ಹೊಸಕೋಟೇಲಿ ಸೂಜಿ ಚುಚ್ಚಿಸ್ಕೊಂಡು ಬೀಜ ಕಳ್ಕೊಂಡಿದ್ದಾನೆ. ಡಾಕ್ಟ್ರಮ್ಮ ಅವನಿಗೆ ಮುಖದ ಮೇಲೇ ಹೇಳಿದ್ದಾರೆ,” ಅಂದೆ.

ಮುದುಕಿ ನನ್ನ ವಂಶವನ್ನೆಲ್ಲ ಜಾಲಾಡಿ ಬೈದಳು. ಪ್ರಮೋದಾ ಅವಳ ಕಡೆ ತಿರುಗಲಿಲ್ಲ.

“ನಿಮ್ಗೆ ಯಾವಾಗ ಗೊತ್ತಾಗಿದ್ದು?” ಎಂದು ಗಂಡನನ್ನು ಕೇಳಿದಳು.

“ಸಂಕ್ರಾಂತಿಗ್ ಮುಂಚೆ,” ಅಂದ, ನೆಲ ನೋಡುತ್ತಾ.

“ಸಂಕ್ರಾಂತಿ ಚಳೀಲಿ ನಾನು ಕಟ್ಟೆ ಸುತ್ತುವಾಗ ಟವೆಲ್ ಹಿಡ್ಕೊಂಡು ನಿಂತಿದ್ರಲ್ಲ, ಆಗ್ಲೂ ಗೊತ್ತಿತ್ತಾ?”

ಚಲಪತಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ಏಳ್ದೇ ಇದ್ದಾಗ ನಾನೊಂದು ಮಾತು ಅಂದಿದ್ನಾ? ಯಾರ್ಗಾದ್ರೂ ಹೇಳಿದ್ನಾ? ಸುಮ್ನೆ ಪಕ್ಕದಲ್ಲಿ ಮಲಗ್ತಾ ಇದ್ನಲ್ಲಾ.”

ಪೂಜಾರಿ ತಟ್ಟೆ ಹಿಡಿದು ಪಕ್ಕಕ್ಕೆ ಸರಿದರು. ಪ್ರಮೋದಾ ಸೆರಗು ಹಿಂಡಿಕೊಂಡಳು. “ಸೂಜಿ ಬಿಟ್ಟು, ತಪ್ಪು ನಂದು ಅಂತ ನಿಮ್ಮಮ್ಮನ ಹತ್ರ ನಿಮ್ ಬಾಯಲ್ಲೇ ಹೇಳಿ. ಆಮೇಲೆ ಬಂದು ಕರೀರಿ,” ಎಂದವಳೇ ಬಸ್ಸು ನಿಲ್ಲುವ ಕಡೆ ನಡೆದಳು. ನನ್ನ ಹೆಗಲ ಮೇಲಿದ್ದ ಹಸಿರು ಶಾಲು ಕೊಟ್ಟೆ. ಹೊದ್ದುಕೊಂಡಳು, ತಿರುಗಿ ನೋಡಲಿಲ್ಲ.

ಈಗ ನಮ್ಮ ಜಿಲ್ಲೆಯದೇ ವಿಜಯಪುರದ ತವರುಮನೆಯಲ್ಲಿದ್ದಾಳೆ, ರೇಷ್ಮೆ ಹುರಿ ಮಾಡುವ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾಳೆ. ಚಲಪತಿ ಇನ್ನೂ ಕರೆಯಲು ಹೋಗಿಲ್ಲ. ಸೂಜಿಯನ್ನೂ ಬಿಟ್ಟಿಲ್ಲ. ಯಾರಿಗೋಸ್ಕರ ಚುಚ್ಚಿಸಿಕೊಳ್ಳುತ್ತಾನೋ ಅವನಿಗೇ ಗೊತ್ತು. ಮೊನ್ನೆ ಡೈರಿ ಹತ್ತಿರ ಅಡ್ಡಗಟ್ಟಿ, “ಅಣ್ಣ, ನನ್ ಸಂಸಾರ ಹಾಳ್ಮಾಡ್ಬಿಟ್ರಿ ನೀವು,” ಅಂದ. ನೆಲಕ್ಕೆ ಉಗಿದು ಬಂದೆ.