ಒಂದಕ್ಕೆ ಎರಡು ಕೋಡು

ಬೈಲಹೊಂಗಲದ ಇಂದಿರಾಬಾಯಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ಕಪಾಟಿನಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ಸ್ ಮತ್ತು ಒಂದು ಮ್ಯಾಗ್ನಮ್ ರಿವಾಲ್ವರ್ ಇವೆ. ಮೊದಲನೆಯದನ್ನು ಬೀಳ್ಕೊಡುವಾಗ ಶಾಲೆಯವರು ಕೊಟ್ಟರು. ಎರಡನೆಯದು ಗಂಡ ಬಾಳಕೃಷ್ಣರದು.

ಬಾಳಕೃಷ್ಣರು ಹತ್ತಿ ಗಿರಣಿಯ ಮ್ಯಾನೇಜರರಾಗಿದ್ದರು. ಯರಗಟ್ಟಿ ಪೇಟೆಯಿಂದ ಗಿರಣಿಯ ಹಣದ ಚೀಲವನ್ನು ಬಸ್ಸಿನಲ್ಲಿ ತರಬೇಕಾಗಿದ್ದರಿಂದ ಲೈಸೆನ್ಸ್ ಮಾಡಿಸಿ, ಸೈನ್ಯದಿಂದ ನಿವೃತ್ತರಾದ ಒಬ್ಬರ ಹತ್ತಿರ ರಿವಾಲ್ವರ್ ಕೊಂಡರು. ಅದರ ಗುಂಡು ನಲವತ್ತೊಂದು ಮ್ಯಾಗ್ನಮ್; ಅಂಕಿ ಗುಂಡಿನ ದಪ್ಪದ್ದು. ಬಂದೂಕಿನ ಅಂಗಡಿಯವರಿಗೆ ಗೊತ್ತಿದ್ದದ್ದು ಎರಡೇ: ಇಂಚಿನ ಸಾವಿರ ಭಾಗದಲ್ಲಿ ಎಣಿಸುವ ಹಗುರವಾದ ಮುನ್ನೂರೈವತ್ತೇಳು, ನೂರು ಭಾಗದಲ್ಲಿ ಎಣಿಸುವ ಜೋರಾದ ನಲವತ್ನಾಲ್ಕು. ನಡುವಿನದನ್ನು ಯಾರೂ ಕೇಳುತ್ತಿರಲಿಲ್ಲ, ಹಾಗಾಗಿ ಯಾರೂ ತರಿಸುತ್ತಿರಲಿಲ್ಲ. ರಿವಾಲ್ವರಿನ ಜೊತೆಗೆ ಬಂದ ಆರು ಗುಂಡುಗಳು ಕೊನೆಯವರೆಗೂ ಆರೇ ಉಳಿದವು.

ಬಾಳಕೃಷ್ಣರಿಗೆ ಇದರಿಂದ ಬೇಸರವಾಗಲಿಲ್ಲ. “ನಲವತ್ನಾಲ್ಕು ಹಾರಿಸಿದಾವನ್ನ ಒದೀತದ. ಇದು ಅಷ್ಟ ದೂರ ನೆಟ್ಟಗ ಹೋಗ್ತದ, ಒದಿಯಂಗಿಲ್ಲ. ಕೈ ಬಿಡಂಗಿಲ್ಲ ನೋಡು ಇದು,” ಎಂದು ಊಟಕ್ಕೆ ಕುಳಿತಾಗ ಹೇಳುತ್ತಿದ್ದರು. ಅವರು ಅದನ್ನು ಒಮ್ಮೆಯೂ ಹಾರಿಸಿರಲಿಲ್ಲ, ಓದಿಕೊಂಡಿದ್ದರು.

ಇಂದಿರಾಬಾಯಿಗೆ ಹಿಡಿಸಿದ ಗುಣ ಬೇರೆ. ನಲವತ್ನಾಲ್ಕು ಎನ್ನುವ ಗುಂಡನ್ನು ಅಳೆದರೆ ಇಂಚಿನ ನೂರು ಭಾಗದಲ್ಲಿ ನಲವತ್ಮೂರೂ ಇರುವುದಿಲ್ಲ. ನಲವತ್ತೊಂದನ್ನು ಅಳೆದರೆ ನಲವತ್ತೊಂದೇ.

ಬಾಳಕೃಷ್ಣರು ಹೋಗಿ ನಾಲ್ಕು ವರ್ಷವಾಯಿತು. ಲೈಸೆನ್ಸಿನ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ಇಂದಿರಾಬಾಯಿಯ ಹೆಸರು ಬರೆದಿದ್ದಾರೆ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಇರುವ ಎಲ್ಲರಂತೆ ಅವರೂ ರಿವಾಲ್ವರನ್ನು ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ತರುತ್ತಾರೆ. ಈ ಸಲ ತರಲು ಹೋದಾಗ ರಜಿಸ್ಟರಿನ ಮುಂದೆ ಮಹಾದೇವ ಕುಳಿತಿದ್ದ. ಅವರ ಕೈಯಲ್ಲೇ ಕಲಿತವನು.

“ಅಕ್ಕಾರ, ಸಣ್ಣ ತೊಂದರಿ ಆಗೇತ್ರಿ. ನಿಮ್ಮ ಬುಕ್ಕಿನ್ಯಾಗ ನಲವತ್ತೊಂದು ಐತಿ, ನಮ್ಮ ರಜಿಸ್ಟರಿನ್ಯಾಗ ನಲವತ್ನಾಕು ಐತಿ. ಎರಡೂ ಹೊಂದಲಿಲ್ಲಂದ್ರ ವಸ್ತು ಜಪ್ತಿ ಆಗಿ ಬೆಳಗಾವಿಗೆ ಹೋಗತೈತ್ರಿ.”

“ನಲವತ್ನಾಲ್ಕು ಅಂತ ಬರದವರು ಯಾರು?”

“ನಾನರಿ. ನಲವತ್ತೊಂದು ಅನ್ನೂ ಗುಂಡ ಇರಂಗಿಲ್ಲ, ಅಕ್ಕಾರು ವಯಸ್ಸಾಗಿ ತಪ್ಪಿ ಹೇಳ್ಯಾರ ಅಂತ ನಾನ ತಿದ್ದೇನ್ರಿ. ನಿಮಗ ಒಳ್ಳೇದಾಗ್ಲಿ ಅಂತ.”

ಪುಸ್ತಕದಲ್ಲಿ ಅಂಕಿ ಕನ್ನಡದಲ್ಲಿತ್ತು: ೪೧. ಮಹಾದೇವ ಅತ್ತಿತ್ತ ನೋಡಿ, ತನ್ನ ಪೆನ್ನನ್ನು ಅವರ ಕಡೆಗೆ ಸರಿಸಿದ. “ಆ ಒಂದರ ತಲಿಮ್ಯಾಲೆ ಎರಡು ಕೋಡು ಬರೀರಿ. ನಾಕ ಆಗತೈತಿ. ಶಾಯಿನೂ ಅದ ಬಣ್ಣರಿ.”

ಎರಡು ಗೀಟು ಎಳೆದರೆ ರಿವಾಲ್ವರ್ ಸಂಜೆಯೊಳಗೆ ಮನೆಯಲ್ಲಿರುತ್ತಿತ್ತು. ಇಂದಿರಾಬಾಯಿ ಗೆರೆ ಹೊಡೆದ ಹೆಸರನ್ನು ನೋಡಿದರು. ಆಮೇಲೆ ಪೆನ್ನಿಗೆ ಟೋಪಿ ಹಾಕಿ ಹಿಂದಕ್ಕೆ ಕೊಟ್ಟರು.

“ಒಂಬತ್ತನೇ ಕ್ಲಾಸಿನಾಗ ಗಣಿತಕ್ಕ ನಿನಗೆಷ್ಟು ಮಾರ್ಕ್ಸ್ ಬಿದ್ದಿದ್ವು?”

“ಮೂವತ್ನಾಕು ಹಾಕಿದ್ರಿ.”

“ನಾ ಹಾಕಲಿಲ್ಲ. ನೀ ತಗೊಂಡಿದ್ದಿ.”

“ಒಂದ ಒಂದು ಕೂಡಿಸಿದ್ರ ಪಾಸಾಗತಿದ್ನಿ ನೋಡ್ರಿ.”

“ಮರುವರ್ಷ ಎಷ್ಟು?”

“ಎಪ್ಪತ್ತೆಂಟ್ರಿ.” ಮಹಾದೇವ ಪೆನ್ನನ್ನು ಜೇಬಿಗೆ ಹಾಕಿಕೊಂಡ. “ಆದ್ರ ಅಕ್ಕಾರ, ರಜಿಸ್ಟರ್ ತಿದ್ದಿದ್ರ ನನಗ ಮೆಮೊ ಬರತೈತ್ರಿ.”

“ಬರಲಿ. ಉತ್ತರ ನಾ ಬರಕೊಡ್ತೀನಿ.”

ಮರುದಿನ ಇಂದಿರಾಬಾಯಿ ಕಾಯಿಪಲ್ಲೆಯ ಚೀಲದಲ್ಲಿ ವರ್ನಿಯರ್ ಹಾಕಿಕೊಂಡು ಬಂದರು. ಮಹಾದೇವ ಕಪಾಟು ತೆಗೆದು ಒಂದು ಗುಂಡನ್ನು ಮೇಜಿನ ಮೇಲಿಟ್ಟ. ಅದರ ಸೀಸದ ಮೂತಿಯನ್ನು ವರ್ನಿಯರಿನಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಓದಿದ.

“ಹತ್ತು ಪಾಯಿಂಟ್ ನಾಕು ಮಿಲಿಮೀಟರ್ ರಿ.”

“ಇಂಚು ಮಾಡು. ಮೊಬೈಲ್ ಒಳಗಿಡು.”

ಅವನು ಹಾಳೆಯ ಹಿಂಬದಿಯಲ್ಲಿ ಭಾಗಿಸತೊಡಗಿದ. ಅಷ್ಟರಲ್ಲಿ ಠಾಣೆಯ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು.

“ಏನ್ ನಡದೈತೋ ಇಲ್ಲಿ?”

“ಭಾಗಾಕಾರ ರೀ ಸರ್.”

ಸಾಹೇಬರು ಒಂದು ಕುರ್ಚಿ ಎಳೆದುಕೊಂಡು ಕುಳಿತರು.

“ಪಾಯಿಂಟ್ ನಾಕ ಸೊನ್ನಿ ಒಂಬತ್ತು ಬಂತ್ರಿ.”

“ನೂರನೇ ಭಾಗಕ್ಕ ಸರಿಮಾಡು.”

“ನಲವತ್ತೊಂದು,” ಎಂದ ಮಹಾದೇವ. ಸಾಹೇಬರು ಹಾಳೆ ಇಸಿದುಕೊಂಡು ತಾವೂ ಒಮ್ಮೆ ಮಾಡಿ ನೋಡಿದರು. ಅವರಿಗೂ ಅಷ್ಟೇ ಬಂದಿತು.

ನಲವತ್ನಾಲ್ಕಕ್ಕೆ ಗೆರೆ ಹೊಡೆದು ನಲವತ್ತೊಂದು ಬರೆದದ್ದಾಯಿತು. ಕಾರಣದ ಕಾಲಮ್ಮಿನಲ್ಲಿ ಮಹಾದೇವ ‘ನನ್ನ ತಪ್ಪು’ ಎಂದು ಬರೆದ. ಸಾಹೇಬರು ಸಹಿ ಮಾಡಿದರು. ಮೆಮೊ ಮರುದಿನ ಬಂದಿತು. ಇಂದಿರಾಬಾಯಿ ಬರೆದುಕೊಟ್ಟ ಉತ್ತರ ಒಂದೂವರೆ ಪುಟವಿತ್ತು, ಅದರಲ್ಲಿ ಒಂದು ಪುಟ ಲೆಕ್ಕ.

ರಜಿಸ್ಟರ್ ತಿದ್ದಿದ ದಿನವೇ ರಿವಾಲ್ವರ್ ಇಂದಿರಾಬಾಯಿಯ ಚೀಲ ಸೇರಿತ್ತು; ಅವತ್ತು ಮಹಾದೇವ ಗೇಟಿನವರೆಗೂ ಬಂದ. “ಭಾರ ಐತಿ, ಚೀಲ ನನ್ನ ಕಡೆ ಕೊಡ್ರಿ ಅಕ್ಕಾರ. ಮನೀತನಕ ಬರತೇನಿ.”

“ಲೈಸೆನ್ಸ್ ನನ್ನ ಹೆಸರಲೆ ಅದ,” ಎಂದರು ಇಂದಿರಾಬಾಯಿ.

ದಾರಿಯಲ್ಲಿ ಮೆಂತ್ಯೆಪಲ್ಲೆ ಕೊಂಡು ರಿವಾಲ್ವರಿನ ಮೇಲೆ ಇಟ್ಟುಕೊಂಡರು. ಠಾಣೆಯಿಂದ ಮನೆ ಒಂದು ಮೈಲಿ. ಅಷ್ಟು ದೂರವೂ ಅವರು ಚೀಲ ಹಿಡಿದ ಕೈ ಬದಲಿಸಲಿಲ್ಲ.